ಹೆಸರಿನ ಪಟ್ಟಿ ಇಲ್ಲದ ಒಪ್ಪಂದ: ಕೆಜಿಎಫ್ ಕಡೆಯ ಒಂದು ಠಾಣೆ, ಒಂದು ಸೂಜಿ ವಿನಿಮಯ ತಂಡ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಕವಲೊಡೆಯುವ ಹಳಿಯ ಪಕ್ಕದ ಒಂದು ಊರು. ರಾತ್ರಿ ಎಂಟರ ಹೊತ್ತು. ಬೆಂಗಳೂರಿನ ಕೆಲಸ ಮುಗಿಸಿ ಬಂದವರನ್ನು ಇಳಿಸಿ ರೈಲು ಮುಂದಕ್ಕೆ ಹೋಗಿದೆ. ಹಳಿಯಾಚೆ ಜಾಲಿ ಪೊದೆಯ ಹತ್ತಿರ ಬೀಟ್ ಪೊಲೀಸರಿಬ್ಬರು ಮೂವರನ್ನು ನಿಲ್ಲಿಸುತ್ತಾರೆ. ಒಬ್ಬನ ಹೆಗಲಲ್ಲಿ ಚೀಲ. ಉಳಿದಿಬ್ಬರು ಇಪ್ಪತ್ತು ದಾಟಿದ ಹುಡುಗರು, ಒಬ್ಬ ಪೇಂಟಿಂಗ್ ಕೆಲಸದವನು, ಇನ್ನೊಬ್ಬ ಲೋಡಿಂಗ್‌ನವನು. ಚೀಲದೊಳಗೆ 60 ಹೊಸ ಸಿರಿಂಜ್, ಸ್ಪಿರಿಟ್ ಹತ್ತಿಯ ಪೊಟ್ಟಣ, ಕಾಂಡೋಮ್, ಮುಚ್ಚಳವಿರುವ ಬಿಳಿ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯಲ್ಲಿ ಬಳಸಿದ 38 ಸೂಜಿ. ಪೇದೆ ಪೇಂಟರ್ ಹುಡುಗನ ಪ್ಯಾಂಟ್ ಜೇಬಿಗೆ ನೇರ ಕೈ ಹಾಕಿದ, ಬೆರಳಿಗೆ ಚುಚ್ಚಿತು. ಅಲ್ಲಿಗೆ ಮಾತು ಮುಗಿಯಿತು.

ಚೀಲದವನು ಸೂಜಿ ವಿನಿಮಯ ತಂಡದವನು. ಅಮಲಿಗಾಗಿ ಔಷಧ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಟ್ಟು ಬಳಸಿದ್ದನ್ನು ಮರಳಿ ಪಡೆಯುವುದು ಆ ತಂಡದ ಕೆಲಸ. ಅವನು ಅದರ ಪೀರ್, ಅಂದರೆ ಹಿಂದೆ ತಾನೇ ಚುಚ್ಚಿಕೊಳ್ಳುತ್ತಿದ್ದು ಈಗ ಅದೇ ಹುಡುಗರ ನಡುವೆ ಕೆಲಸ ಮಾಡುವವನು. ಆ ರಾತ್ರಿ ಅವನು ಠಾಣೆಯ ಬೆಂಚಿನ ಮೇಲೆ ಕಳೆದ. ಬೆಳಿಗ್ಗೆ ಸಂಶಯಾಸ್ಪದ ಓಡಾಟವೆಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಚೀಲ ಠಾಣೆಯಲ್ಲೇ ಉಳಿಯಿತು, ಮಹಜರು ಇಲ್ಲ, ರಸೀದಿಯೂ ಇಲ್ಲ. ಸುದ್ದಿ ಎರಡೇ ದಿನದಲ್ಲಿ ಹಳಿಯುದ್ದಕ್ಕೂ ಹರಡಿತು. ಮುಂದಿನ ಮೂರು ವಾರ ಆ ಜಾಗಕ್ಕೆ ಸೂಜಿ ಬದಲಿಸಿಕೊಳ್ಳಲು ಬಂದವರು ಬೆರಳೆಣಿಕೆಯಷ್ಟು. ಚುಚ್ಚಿಕೊಳ್ಳುವುದು ನಿಂತಿರಲಿಲ್ಲ. ಒಂದೇ ಸಿರಿಂಜ್ ಮೂವರ ಕೈ ದಾಟತೊಡಗಿತ್ತು, ಅಷ್ಟೆ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಇದು ಯಾವುದೋ ಒಂದು ಠಾಣೆಯ ಕಡತದಿಂದ ಎತ್ತಿದ ಘಟನೆಯಲ್ಲ. ಇಂಥ ಕೆಲಸದಲ್ಲಿ ಪದೇ ಪದೇ ಎದುರಾಗುವ ತೊಡಕುಗಳನ್ನು ಒಂದೇ ಊರಿನಲ್ಲಿಟ್ಟು ಕಟ್ಟಿದ ಮಾದರಿ ಪ್ರಕರಣ. ಇಲ್ಲಿನ ವ್ಯಕ್ತಿಗಳು, ಆ ರಾತ್ರಿ, ಚೀಲದ ಲೆಕ್ಕ, ಇವೆಲ್ಲ ಕಲ್ಪಿತ. ಕಾನೂನು, ಔಷಧದ ಪ್ರಮಾಣ, ಇಲಾಖೆಗಳ ಎಲ್ಲೆ ಮಾತ್ರ ಇದ್ದದ್ದು ಇದ್ದಂತೆ, 2024ರ ಜುಲೈ ನಂತರದ ಕಾನೂನಿನ ಲೆಕ್ಕದಲ್ಲಿ.

ಊರು, ಮಾತ್ರೆ, ಸೂಜಿ

2001ರ ಫೆಬ್ರವರಿ ಕೊನೆಗೆ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಕಡೆಯ ದುಡಿಮೆ ರೈಲು ಹತ್ತಿತು. ಬೆಳಗಿನ ಗಾಡಿಗೆ ಬೆಂಗಳೂರು, ರಾತ್ರಿಯ ಗಾಡಿಗೆ ಮನೆ. ನಮ್ಮ ಪ್ರಕರಣದಲ್ಲಿ ಚುಚ್ಚಿಕೊಳ್ಳುವವರು ಎಪ್ಪತ್ತರ ಆಸುಪಾಸು, ಹೆಚ್ಚಿನವರು ಇದೇ ಗಾಡಿಯವರು. ಹೆರಾಯಿನ್ ಇಲ್ಲಿ ಅಪರೂಪ. ಓಡಾಡುವುದು ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆ, ವೈದ್ಯರ ಚೀಟಿ ಇಲ್ಲದೆ ಮಾರಬಾರದ್ದು. ನುಂಗಲು ಮಾಡಿದ ಮಾತ್ರೆಯಲ್ಲಿ ಔಷಧದ ಜೊತೆ ನೀರಿನಲ್ಲಿ ಕರಗದ ಪುಡಿಗಳೂ ಇರುತ್ತವೆ. ಅದನ್ನು ರಕ್ತನಾಳಕ್ಕೆ ಬಿಟ್ಟರೆ ನಾಳ ಕಟ್ಟಿಕೊಳ್ಳುತ್ತದೆ, ತೋಳಲ್ಲಿ ಕೀವುಗಡ್ಡೆ ಏಳುತ್ತದೆ, ಕಣಗಳು ಶ್ವಾಸಕೋಶದವರೆಗೂ ಹೋಗುತ್ತವೆ. ಹುಡುಗರು ತಂಡದ ನರ್ಸ್ ಹತ್ತಿರ ಮೊದಲು ಬರುವುದು ಎಚ್‌ಐವಿಯ ಭಯಕ್ಕಲ್ಲ, ಈ ಕೀವಿಗೆ.

ಇಬ್ಬರು ದುಡ್ಡು ಹಾಕಿ ಮಾತ್ರೆ ಕೊಂಡು ಒಂದೇ ಸಿರಿಂಜಿನಲ್ಲಿ ಹಂಚಿಕೊಳ್ಳುವಲ್ಲಿ ಎಚ್‌ಐವಿ, ಹೆಪಟೈಟಿಸ್ ಸಿ ಹರಡುತ್ತವೆ. 2021ರ ರಾಷ್ಟ್ರೀಯ ಅಂದಾಜಿನಲ್ಲಿ ದೇಶದ ವಯಸ್ಕರಲ್ಲಿ ಎಚ್‌ಐವಿ ಶೇ. 0.21 ಇದ್ದರೆ, ಅದೇ ವರ್ಷದ ಕಣ್ಗಾವಲು ಸಮೀಕ್ಷೆಯಲ್ಲಿ ಚುಚ್ಚಿಕೊಳ್ಳುವವರ ನಡುವೆ ಶೇ. 9ರಷ್ಟು. ಸೂಜಿ ವಿನಿಮಯ ಇರುವುದು ಈ ಅಂತರದ ಕಾರಣಕ್ಕೆ. ಹೊಸ ಸೂಜಿ ಕೊಟ್ಟು ಹಳೆಯದನ್ನು ಮರಳಿ ಪಡೆಯುವುದು, ಜೊತೆಗೆ ಪರೀಕ್ಷೆ, ಗಾಯದ ಆರೈಕೆ, ಚಿಕಿತ್ಸೆಗೆ ದಾರಿ. ಬೆಂಗಳೂರಿನ ಕೇಂದ್ರವೊಂದರಲ್ಲಿ ಬುಪ್ರೆನಾರ್ಫಿನ್ ಎಂಬ ಬದಲಿ ಔಷಧದ ಚಿಕಿತ್ಸೆ ಪಡೆಯುತ್ತಿರುವವರೂ ಈ ಗುಂಪಿನಲ್ಲಿ ಕೆಲವರಿದ್ದಾರೆ.

ತಂಡ ಮಾಡಿದ ಎರಡು ತಪ್ಪು

ಘಟನೆಯಾದ ಮೂರನೇ ದಿನ ತಂಡದ ಸಂಯೋಜಕರು ವಕೀಲರೊಬ್ಬರನ್ನು ಕರೆದುಕೊಂಡು ಠಾಣೆಗೆ ಹೋದರು. ಕೈಯಲ್ಲಿ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರ ಪ್ರತಿ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಈ ಕಾಯ್ದೆಯ 22ನೇ ಕಲಮು ನೇರವಾಗಿದೆ. ಸೋಂಕಿನ ಅಪಾಯ ತಗ್ಗಿಸುವ ಕೆಲಸ ಮಾಡುವವರ ಮೇಲೂ ಆ ಸೇವೆ ಪಡೆಯುವವರ ಮೇಲೂ ಅದೇ ಕಾರಣಕ್ಕೆ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ, ಕೆಲಸಕ್ಕೆ ಅಡ್ಡಿಪಡಿಸುವಂತಿಲ್ಲ. ಕಲಮಿನ ಕೆಳಗಿನ ಉದಾಹರಣೆಗಳಲ್ಲೇ ಸೂಜಿ ವಿನಿಮಯವೂ ಇದೆ, ಬದಲಿ ಔಷಧ ಚಿಕಿತ್ಸೆಯೂ ಇದೆ. ಸಂಯೋಜಕರು ಇದನ್ನು ಇನ್‌ಸ್ಪೆಕ್ಟರ್ ಮುಂದೆ, ರೈಟರ್ ಮತ್ತು ನಾಲ್ಕು ಮಂದಿ ಪೇದೆಗಳ ಎದುರು, ಬೆರಳಿಟ್ಟು ಓದಿದರು. ಮಾತು ಸರಿ, ಜಾಗ ತಪ್ಪು. ಕೈಕೆಳಗಿನವರ ಎದುರು ಕಾನೂನು ಪಾಠ ಹೇಳಿಸಿಕೊಂಡ ಅಧಿಕಾರಿ ಮಣಿಯುವುದಿಲ್ಲ, ಇನ್ನೊಂದು ಕಲಮು ಹುಡುಕುತ್ತಾನೆ. ಚೀಲ ಮರಳಿತು, ಬೀಟ್ ಬಿಗಿಯಾಯಿತು.

ಎರಡನೆಯದು ಈ ಜಿಲ್ಲೆಗೇ ವಿಶೇಷವಾದ ತಪ್ಪು. ಸಂಯೋಜಕರು ಕೋಲಾರದ ಎಸ್‌ಪಿ ಕಚೇರಿಗೆ ಹೋಗಿ ಸಹಕಾರ ಕೋರಿ ಪತ್ರ ಕೊಟ್ಟು ಬಂದರು. ಕಂದಾಯದ ಲೆಕ್ಕದಲ್ಲಿ ಇದೆಲ್ಲ ಕೋಲಾರ ಜಿಲ್ಲೆಯೇ, ಜಿಲ್ಲಾಧಿಕಾರಿ ಒಬ್ಬರೇ. ಪೊಲೀಸ್ ಲೆಕ್ಕದಲ್ಲಿ ಕೆಜಿಎಫ್ ಬೇರೆಯೇ ಜಿಲ್ಲೆ, ಅದಕ್ಕೆ ಅದರದೇ ಎಸ್‌ಪಿ. ಬಂಗಾರಪೇಟೆ ಕಡೆಯ ಠಾಣೆಗಳು ಬರುವುದು ಆ ಎಸ್‌ಪಿ ಕೈಕೆಳಗೆ. ಕೋಲಾರಕ್ಕೆ ಕೊಟ್ಟ ಪತ್ರಕ್ಕೆ ಸ್ವೀಕೃತಿ ಸಿಕ್ಕಿತು, ಮೊಹರು ಬಿತ್ತು, ಅದರಿಂದ ಈ ಠಾಣೆಯಲ್ಲಿ ಒಂದು ಎಲೆಯೂ ಅಲುಗಲಿಲ್ಲ.

ಮೇಲಾಗಿ ಆ ಹಳಿಯ ಪಕ್ಕ ಓಡಾಡುವುದು ಒಂದೇ ಸಮವಸ್ತ್ರವಲ್ಲ. ಪೊದೆಯ ಜಾಗ ಊರ ಠಾಣೆಗೆ ಸೇರಿದ್ದು. ರೈಲು ನಿಲ್ದಾಣದೊಳಗಿನ ಅಪರಾಧ ರಾಜ್ಯದ ರೈಲ್ವೆ ಪೊಲೀಸರಿಗೆ, ಅವರ ಎಸ್‌ಪಿ ಬೆಂಗಳೂರಿನಲ್ಲಿ. ಹಳಿ ಮತ್ತು ರೈಲ್ವೆ ಆಸ್ತಿ ಕೇಂದ್ರದ ರೈಲ್ವೆ ರಕ್ಷಣಾ ಪಡೆ, ಆರ್‌ಪಿಎಫ್‌ಗೆ. ಇವರಲ್ಲದೆ ಅಬಕಾರಿ ಇಲಾಖೆಯವರಿಗೂ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯಡಿ ತಪಾಸಣೆಯ ಅಧಿಕಾರವಿದೆ. ನಾಲ್ವರಲ್ಲಿ ಮೂವರಿಗೆ ತಿಳಿಸಿ ಒಬ್ಬರನ್ನು ಬಿಟ್ಟರೆ ಚೀಲ ಮತ್ತೆ ಠಾಣೆ ಸೇರುವುದು ಆ ನಾಲ್ಕನೆಯವರ ಕೈಯಿಂದಲೇ. ಈ ಪ್ರಕರಣದಲ್ಲೂ ಹಾಗೇ ಆಯಿತು. ಅದು ಮುಂದೆ ಬರುತ್ತದೆ.

ಬಾಗಿಲು ತೆರೆದದ್ದು ಪೇದೆಯ ಬೆರಳು

ಚುಚ್ಚಿಸಿಕೊಂಡ ಪೇದೆ ಆ ರಾತ್ರಿ ಬೆರಳನ್ನು ಜೋರಾಗಿ ಹಿಂಡಿ ರಕ್ತ ತೆಗೆದು, ಬಾಯಲ್ಲಿ ಚೀಪಿ, ಡೆಟಾಲ್ ಸುರಿದುಕೊಂಡಿದ್ದ. ಮಾಡಬಾರದ್ದು ಮೂರೂ ಅದೇ. ಮಾಡಬೇಕಾದದ್ದು ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯುವುದು, ಹಿಂಡದೆ ಇರುವುದು, ನೇರ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುವುದು. ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸ್ ಎರಡು ಗಂಟೆಯೊಳಗೆ ಸಿಕ್ಕರೆ ಉತ್ತಮ, 72 ಗಂಟೆ ದಾಟಿದರೆ ಕೊಡುವುದಿಲ್ಲ. ಆಮೇಲೆ ದಿನಕ್ಕೊಂದು ಮಾತ್ರೆ, 28 ದಿನ. ಆ ಮಾತ್ರೆಯಲ್ಲಿ ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಇರುತ್ತವೆ. ಪೇದೆ ಮನೆಯಲ್ಲಿ ಹೇಳಲು ನಾಚಿ ನಾಲ್ಕನೇ ದಿನ ಆಸ್ಪತ್ರೆಗೆ ಹೋದ. ಹೊತ್ತು ಮೀರಿತ್ತು. ಆರನೇ ವಾರಕ್ಕೊಂದು, ಮೂರನೇ ತಿಂಗಳಿಗೊಂದು, ಆರನೇ ತಿಂಗಳಿಗೊಂದು ಪರೀಕ್ಷೆ ಎಂದು ಬರೆದುಕೊಟ್ಟರು.

ತಂಡದ ನರ್ಸ್‌ಗೆ ವಿಷಯ ತಿಳಿದದ್ದು ಆಸ್ಪತ್ರೆಯ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಪೇದೆಯೇ ಎದುರಾಗಿ ಕೇಳಿದಾಗ. ಆಕೆ ಹೇಳಿದ್ದು ಅಳತೆಯ ಮಾತು. ಸೋಂಕಿರುವ ರಕ್ತದ ಸೂಜಿಯೇ ಚುಚ್ಚಿದರೂ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಸಾವಿರಕ್ಕೆ ಮೂರು. ಹೆಪಟೈಟಿಸ್ ಬಿ ಅದಕ್ಕಿಂತ ಬಹಳ ಸುಲಭವಾಗಿ ತಗಲುತ್ತದೆ, ಆದರೆ ಅದಕ್ಕೆ ಲಸಿಕೆ ಇದೆ: ಇವತ್ತೊಂದು, ಒಂದು ತಿಂಗಳಾದ ಮೇಲೆ ಇನ್ನೊಂದು, ಆರನೇ ತಿಂಗಳಿಗೆ ಮತ್ತೊಂದು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ತಗಲಿದರೆ ಗುಣಪಡಿಸುವ ಮಾತ್ರೆ ಇದೆ. ಪೊಲೀಸರನ್ನು ಹೆದರಿಸಿ ಒಲಿಸಿಕೊಳ್ಳುವ ಆಸೆ ಇಂಥ ಹೊತ್ತಿನಲ್ಲಿ ಎಲ್ಲ ತಂಡಗಳಿಗೂ ಬರುತ್ತದೆ. ಆದರೆ ‘ಒಂದು ಚುಚ್ಚಿದರೆ ಏಡ್ಸ್’ ಎಂದು ನಂಬಿದ ಪೇದೆ ಮುಂದಿನ ಸಲ ಹುಡುಗನ ಜೇಬು ಮುಟ್ಟುವ ಮೊದಲು ಲಾಠಿ ಎತ್ತುತ್ತಾನೆ.

ಮೂರು ತಿಂಗಳ ಪರೀಕ್ಷೆ ನೆಗೆಟಿವ್ ಬಂದಾಗ ಪೇದೆಯೇ ನರ್ಸನ್ನು ಠಾಣೆಗೆ ಕರೆದ: ‘ನಮ್ ಹುಡುಗ್ರಿಗೂ ಒಂದ್ಸಲ ಹೇಳ್ಬಿಡಿ ಮೇಡಂ.’

ರೋಲ್‌ಕಾಲ್‌ನಲ್ಲಿ 20 ನಿಮಿಷ

ತರಬೇತಿ ಎಂದರೆ ಹೋಟೆಲ್ ಹಾಲ್, ಬ್ಯಾನರ್, ಊಟ ಎನ್ನುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಅಂಥ ಕಾರ್ಯಾಗಾರಕ್ಕೆ ಠಾಣೆ ಕಳಿಸುವುದು ಆ ದಿನ ಬಿಡುವಾಗಿರುವವರನ್ನು, ಬೀಟಿನವರನ್ನಲ್ಲ. ತಂಡ ಆರಿಸಿಕೊಂಡದ್ದು ಬೆಳಗಿನ ರೋಲ್‌ಕಾಲ್. ಒಂದೇ ಮಾತನ್ನು ಬೇರೆ ಬೇರೆ ಪಾಳಿಯವರಿಗೆ ಮೂರು ದಿನ ಹೇಳಿತು. ತೋರಿಸಲು ತಂದದ್ದು ಒಂದು ಸೂಜಿ ಡಬ್ಬಿ, ಒಂದು ಉದ್ದ ಚಿಮಟ, ಒಂದು ಟಾರ್ಚ್, ಸೂಜಿ ತೆಗೆದ ಸಿರಿಂಜ್ ಇಟ್ಟ ಒಂದು ಹಳೇ ಪ್ಯಾಂಟ್.

ಮೊದಲು ಕೇಳು, ಆಮೇಲೆ ಮುಟ್ಟು. ‘ಜೇಬಲ್ಲಿ ಚುಚ್ಚೋವಂಥದ್ದು ಏನಾದ್ರೂ ಇದೆಯಾ?’ ಇದೆ ಎಂದರೆ ಅವನೇ ನಿಧಾನವಾಗಿ ತೆಗೆದು ನೆಲದ ಮೇಲಿಡಲಿ. ಕೈಯನ್ನು ಜೇಬಿನೊಳಗೆ ಇಳಿಸಬೇಡಿ, ಹೊರಗಿನಿಂದ ಅಂಗೈ ಚಪ್ಪಟೆ ಮಾಡಿ ಮೆಲ್ಲಗೆ ಒತ್ತಿ, ಉಜ್ಜಬೇಡಿ. ಜೇಬಿನ ಬಟ್ಟೆಯನ್ನು ಅವನೇ ಹೊರಗೆಳೆಯಲಿ. ಚೀಲವಾದರೆ ಟಾರ್ಚ್ ಬಿಟ್ಟು ನೋಡಿ, ಬಟ್ಟೆಯ ಮೇಲೆ ಸುರಿಯಿರಿ. ಸೂಜಿಗೆ ಕ್ಯಾಪ್ ಮರಳಿ ಹಾಕಲು ಹೋಗಬೇಡಿ, ಅಲ್ಲೂ ಚುಚ್ಚುತ್ತದೆ. ಲ್ಯಾಟೆಕ್ಸ್ ಗ್ಲೌಸ್ ರಕ್ತ ತಾಕದಂತೆ ತಡೆಯುತ್ತದೆ, ಸೂಜಿಯನ್ನು ತಡೆಯದು. ಡಬ್ಬಿ ಮುಕ್ಕಾಲು ತುಂಬಿದರೆ ಮುಚ್ಚಿ ಫೋನ್ ಮಾಡಿ. ತಂಡವೇ ಬಂದು ಒಯ್ಯುತ್ತದೆ.

ಎರಡನೇ ದಿನ ಎಎಸ್‌ಐ ಒಬ್ಬರು ಕೇಳಿದ ಪ್ರಶ್ನೆಯೇ ಈ ಪ್ರಕರಣದ ತಿರುವು. ‘ನಾವು ಕೇಳಿದ್ರೆ ಅವನ್ಯಾಕೆ ನಿಜ ಹೇಳ್ತಾನೆ?’

ಹೇಳುವುದಿಲ್ಲ. ಸೂಜಿ ಇದೆ ಎಂದು ಒಪ್ಪಿಕೊಂಡವನ ಮೇಲೆ ಆ ಸೂಜಿಯನ್ನೇ ತೋರಿಸಿ ಕೇಸ್ ಹಾಕಿದರೆ ಮುಂದಿನವನು ಇಲ್ಲ ಎನ್ನುತ್ತಾನೆ, ಪೇದೆಯ ಬೆರಳಿಗೆ ಮತ್ತೆ ಚುಚ್ಚುತ್ತದೆ. ಪ್ರಶ್ನೆ ಕೆಲಸ ಮಾಡಬೇಕಾದರೆ ಉತ್ತರಕ್ಕೆ ಶಿಕ್ಷೆ ಇರಕೂಡದು. ಕಾಯ್ದೆಯ ಪುಟ ಓದಿ ಮೂರನೇ ದಿನ ಆಗದೇ ಹೋದದ್ದು ಇಲ್ಲಿ ಒಂದು ಪ್ಯಾಂಟ್ ಜೇಬಿನಿಂದ ಆಯಿತು. ಸಿರಿಂಜ್ ಸಿಕ್ಕಿತೆಂದು ಕೇಸ್ ಬೇಡ ಎಂಬ ಮಾತು ತಂಡದ ಬೇಡಿಕೆಯಾಗಿ ಉಳಿಯಲಿಲ್ಲ, ಪೇದೆಗಳ ಸ್ವಂತ ಲೆಕ್ಕವಾಯಿತು.

ಒಂದು ಪುಟ

ಅಷ್ಟರಲ್ಲಿ ತಂಡ ಪತ್ರದ ದಾರಿಯನ್ನೂ ಸರಿಮಾಡಿಕೊಂಡಿತ್ತು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಎನ್‌ಕಾರ್ಡ್ ಸಮಿತಿ, ಅಂದರೆ ಮಾದಕ ವಸ್ತು ತಡೆಯ ಜಿಲ್ಲಾ ಸಮನ್ವಯ ಸಮಿತಿಯಲ್ಲಿ ವಿಷಯ ಇಡಿಸಿತು. ಪತ್ರ ತಂಡದ ಲೆಟರ್‌ಹೆಡ್‌ನಲ್ಲಿ ಹೋಗಲಿಲ್ಲ, ಜಿಲ್ಲಾ ಏಡ್ಸ್ ನಿಯಂತ್ರಣಾಧಿಕಾರಿಯ ಸಹಿಯಲ್ಲಿ ಹೋಯಿತು. ಠಾಣೆಗೆ ಎನ್‌ಜಿಒ ಪತ್ರ ಮನವಿ, ಆರೋಗ್ಯ ಇಲಾಖೆಯ ಪತ್ರ ಕಡತ. ಪ್ರತಿ ಹೋದದ್ದು ಕೆಜಿಎಫ್ ಎಸ್‌ಪಿ, ಡಿವೈಎಸ್‌ಪಿ, ರೈಲ್ವೆ ಪೊಲೀಸ್, ಆರ್‌ಪಿಎಫ್ ಇಷ್ಟಕ್ಕೆ. ಅಬಕಾರಿ ಬಿಟ್ಟುಹೋಯಿತು.

ಠಾಣೆಯ ಮಟ್ಟದಲ್ಲಿ ಬರೆದದ್ದು ಒಂದೇ ಪುಟ, ಕನ್ನಡದಲ್ಲಿ. ಒಡಂಬಡಿಕೆ ಎಂದು ಹೆಸರಿಟ್ಟಿದ್ದರೆ ಕಾನೂನು ವಿಭಾಗಕ್ಕೆ ಹೋಗಿ ವರ್ಷ ಕೂರುತ್ತಿತ್ತು. ‘ಕೆಲಸದ ಟಿಪ್ಪಣಿ’ ಎಂದು ಕರೆದರು. ಸಾರ ಇಷ್ಟು. ತಂಡದ ನಾಲ್ವರ ಹೆಸರು, ಫೋಟೊ, ಕೆಲಸದ ಜಾಗ, ಹೊತ್ತು ಠಾಣೆಯಲ್ಲಿರುತ್ತದೆ. ತಂಡದವರು ಯಾವ ಮಾದಕ ವಸ್ತುವನ್ನೂ ಒಂದು ಕ್ಷಣಕ್ಕೂ ಹಿಡಿದುಕೊಳ್ಳುವುದಿಲ್ಲ, ‘ಸ್ವಲ್ಪ ಹಿಡ್ಕೋ’ ಎಂದರೂ ಇಲ್ಲ. ಸಿಕ್ಕಿದರೆ ಅವರಿಗೆ ಯಾವ ರಕ್ಷಣೆಯೂ ಇಲ್ಲ, ತಂಡ ಬಿಡಿಸಲು ಬರುವುದಿಲ್ಲ. ಸಿರಿಂಜ್ ಒಂದನ್ನೇ ಕಾರಣವಾಗಿಟ್ಟು ಯಾರನ್ನೂ ಠಾಣೆಗೆ ತರುವುದಿಲ್ಲ. ವಿನಿಮಯದ ಹೊತ್ತಿನಲ್ಲಿ ಆ ಜಾಗದ ನೂರು ಹೆಜ್ಜೆಯೊಳಗೆ ಕಾದು ಕುಳಿತು ಹಿಡಿಯುವುದಿಲ್ಲ. ಮಾರುವವರ ವಿಷಯದಲ್ಲಿ ಪೊಲೀಸರ ಕೈ ಕಟ್ಟಿಲ್ಲ. ದೂರು ಇದ್ದರೆ ಎರಡೂ ಕಡೆಯ ಒಬ್ಬೊಬ್ಬರು ವಾರಕ್ಕೊಮ್ಮೆ ಕೂತು ಮಾತಾಡುವುದು, ವಾಟ್ಸಾಪ್ ಗುಂಪಿನಲ್ಲಿ ಅಲ್ಲ.

ಅತಿ ಹೆಚ್ಚು ಎಳೆದಾಟವಾದದ್ದು ಬಳಸಿದ ಸೂಜಿಯ ಬಗ್ಗೆ. ಹೊಸ ಸಿರಿಂಜ್ ಬರೀ ಪ್ಲಾಸ್ಟಿಕ್. ಬಳಸಿದ್ದರಲ್ಲಿ ಔಷಧದ ಶೇಷವಿರುತ್ತದೆ. ಎನ್‌ಡಿಪಿಎಸ್ 60ನೇ ಕಲಮಿನಡಿ ಅಪರಾಧಕ್ಕೆ ಬಳಸಿದ ಸಲಕರಣೆ ಮುಟ್ಟುಗೋಲಿಗೆ ಅರ್ಹ, ಶೇಷವನ್ನು ಪರೀಕ್ಷೆಗೆ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬಹುದು. ಹುಡುಗರು ಹಳೆ ಸೂಜಿಯನ್ನು ಪೊದೆಯಲ್ಲೇ ಎಸೆದು ಬರುವುದಕ್ಕೆ ಸೋಮಾರಿತನಕ್ಕಿಂತ ಈ ಭಯವೇ ದೊಡ್ಡ ಕಾರಣ. ಕೊನೆಗೆ ಒಪ್ಪಿದ್ದು: ಮುಚ್ಚಿದ ಡಬ್ಬಿಯಲ್ಲೋ ಮುಚ್ಚಳವಿರುವ ಬಾಟಲಿಯಲ್ಲೋ ಹಾಕಿ ವಿನಿಮಯದ ಕಡೆ ತರುತ್ತಿರುವ ಸೂಜಿಯನ್ನು ಸಾಕ್ಷ್ಯವೆಂದು ಎತ್ತುವುದಿಲ್ಲ, ಬಿಡಿಯಾಗಿ ಜೇಬಿನಲ್ಲಿದ್ದರೆ ಠಾಣೆಯ ಡಬ್ಬಿಗೆ ಹಾಕಿಸಿ ಕಳಿಸುವುದು. ತಂಡ ಅಂದಿನಿಂದ ಹುಡುಗರಿಗೆ ಅಗಲ ಬಾಯಿಯ ಚಿಕ್ಕ ಡಬ್ಬಿ ಹಂಚತೊಡಗಿತು.

‘ನೀವು ಸೂಜಿ ಕೊಟ್ಟು ಕೊಟ್ಟೇ ಬೀದಿ ತುಂಬಾ ಸೂಜಿ’ ಎಂಬ ಮಾತಿಗೆ ಉತ್ತರ ಭಾಷಣವಲ್ಲ, ಲೆಕ್ಕ. ಗುರುವಾರ ಬೆಳಿಗ್ಗೆ ಹಳಿಯ ಪಕ್ಕ, ಮಾರುಕಟ್ಟೆಯ ಹಿಂದೆ, ಗಣಿ ತ್ಯಾಜ್ಯದ ಸೈನೈಡ್ ದಿಬ್ಬದ ಕಡೆಯ ದಾರಿಯಲ್ಲಿ ಚಿಮಟ ಹಿಡಿದು ಹೆಕ್ಕುವುದು. ತಿಂಗಳ ಕೊನೆಗೆ ಠಾಣೆಗೆ ಮೂರು ಅಂಕಿ: ಕೊಟ್ಟದ್ದು, ಮರಳಿದ್ದು, ನೆಲದಿಂದ ಹೆಕ್ಕಿದ್ದು. ಉದಾಹರಣೆಗೆ 900, 640, 110. ಲೆಕ್ಕಕ್ಕೆ ಸಿಗದ 150 ಅನ್ನು ಮುಚ್ಚಿಡಬಾರದು. ನೂರಕ್ಕೆ ನೂರು ಮರಳಿದೆ ಎಂದು ಬರೆದ ವರದಿಯನ್ನು ಬೀಟ್ ಪೇದೆ ಮೊದಲ ಸಂಜೆಯೇ ಸುಳ್ಳೆಂದು ಕಂಡುಕೊಳ್ಳುತ್ತಾನೆ.

‘ಪಟ್ಟಿ ಕೊಡಿ, ಅವರನ್ನು ಮುಟ್ಟೋದಿಲ್ಲ’

ಎರಡು ತಿಂಗಳು ಕಳೆದ ಮೇಲೆ ಪಿಎಸ್‌ಐ ಕೇಳಿದ್ದು ಇದು. ಕೇಳಿದ ದನಿಯಲ್ಲಿ ಕೇಡಿರಲಿಲ್ಲ. ನಿಮ್ಮವರು ಯಾರೆಂದು ಗೊತ್ತಿದ್ದರೆ ಬಿಟ್ಟುಬಿಡುತ್ತೇವೆ, ಅಷ್ಟೇ. ಒಳ್ಳೆಯ ಮನಸ್ಸಿನಿಂದ ಬಂದ ಈ ಬೇಡಿಕೆಯಷ್ಟು ಅಪಾಯದ್ದು ಇನ್ನೊಂದಿಲ್ಲ. ಪಟ್ಟಿ ಕೇಳಿದ ಅಧಿಕಾರಿ ವರ್ಗವಾಗುತ್ತಾನೆ, ಪಟ್ಟಿ ಠಾಣೆಯಲ್ಲಿ ಉಳಿಯುತ್ತದೆ. ಮುಂದೆ ಊರಿನಲ್ಲಿ ಒಂದು ಸರಗಳ್ಳತನವಾದರೆ ಮೊದಲು ತೆರೆಯುವುದು ಅದೇ ಹಾಳೆ. ತಿಂಗಳ ಅಪರಾಧ ವಿಮರ್ಶಾ ಸಭೆಗೆ ಸಂಖ್ಯೆ ಕಡಿಮೆ ಬಿದ್ದಾಗಲೂ ಅದೇ. ಚಿಕಿತ್ಸೆ ಪಡೆಯುವವರಲ್ಲಿ ಎಚ್‌ಐವಿ ಇರುವವರೂ ಇರುತ್ತಾರೆ. ಅವರ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಕಾಯ್ದೆಯ 8ನೇ ಕಲಮು ತಡೆಯುತ್ತದೆ, ದಾಖಲೆ ಕಾಪಾಡುವ ಹೊಣೆಯನ್ನು 11ನೇ ಕಲಮು ಹೊರಿಸುತ್ತದೆ.

ಬರೀ ಇಲ್ಲ ಎಂದರೆ ಸಂಬಂಧ ಕೆಡುತ್ತದೆ. ತಂಡ ಬದಲಿಗೆ ಕೊಟ್ಟದ್ದು: ಯಾವ ಜಾಗದಲ್ಲಿ ಸೂಜಿ ಹೆಚ್ಚು ಬಿದ್ದಿವೆ, ಎಷ್ಟು ಜನ ಹೊಸಬರು ಬಂದರು, ಎಷ್ಟು ಜನರನ್ನು ಚಿಕಿತ್ಸೆಗೆ ಕಳಿಸಲಾಯಿತು. ಜಾಗ ಮತ್ತು ಸಂಖ್ಯೆ, ಹೆಸರಿಲ್ಲ. ಮಾರುವವರ ಬಗ್ಗೆ ಒಂದಕ್ಷರವೂ ಇಲ್ಲ. ಒಮ್ಮೆ ಪೀರ್ ಬಾತ್ಮೀದಾರನೆಂದು ಹೆಸರಾದರೆ ಆ ಊರಲ್ಲಿ ಅವನ ಚೀಲದ ಹತ್ತಿರ ಯಾರೂ ಬರುವುದಿಲ್ಲ, ಅವನ ಜೀವಕ್ಕೂ ಆಪತ್ತು. ಮಾರಾಟದ ಸುಳಿವು ಕೊಡಬೇಕೆನ್ನುವ ಊರವರಿಗೆ 1933 ಸಹಾಯವಾಣಿ ಇದೆ, ಚಟದಿಂದ ಹೊರಬರಲು ಸಹಾಯ ಬೇಕಾದವರಿಗೆ 14446 ಇದೆ. ಠಾಣೆಯವರು ಉತ್ಸಾಹದಿಂದ ಮಾಡಿಸಿದ ಫಲಕದಲ್ಲಿ ಎರಡೂ ಸಂಖ್ಯೆ ಒಟ್ಟಿಗೆ, ವಿನಿಮಯ ನಡೆಯುವ ಗೋಡೆಯ ಮೇಲೇ ಬಂದಿದ್ದವು. ಸುಳಿವಿನ ಸಂಖ್ಯೆಯ ಕೆಳಗೆ ನಿಂತು ಸೂಜಿ ಪಡೆಯಲು ಯಾರಿಗೆ ಮನಸ್ಸು ಬರುತ್ತದೆ? ಫಲಕ ಬಸ್ ನಿಲ್ದಾಣಕ್ಕೆ ಹೋಯಿತು. ತಮಿಳಿನಲ್ಲೂ ಬರೆಸಿದ್ದರೆ ಇನ್ನೂ ಚೆನ್ನಿತ್ತು, ಈ ಹಳಿಯುದ್ದಕ್ಕೂ ಮನೆಮಾತು ಹೆಚ್ಚಾಗಿ ಅದೇ.

ಕೇಸಿನ ಲೆಕ್ಕದಲ್ಲಿ ಎಡವುವ ಜಾಗಗಳು

ಸೇವನೆಗೆ ಹಾಕುವುದು ಎನ್‌ಡಿಪಿಎಸ್ 27ನೇ ಕಲಮು. ಹೆರಾಯಿನ್, ಮಾರ್ಫಿನ್, ಕೊಕೇನ್‌ಗೆ ಒಂದು ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ, ಉಳಿದವಕ್ಕೆ ಆರು ತಿಂಗಳು ಅಥವಾ 10,000. ಎರಡನ್ನೂ ವಿಧಿಸಬಹುದು. ಟ್ರಮಡಾಲ್ ಎಂಬ ಇನ್ನೊಂದು ನೋವಿನ ಮಾತ್ರೆ 2018ರ ಏಪ್ರಿಲ್‌ನಿಂದ ಈ ಕಾಯ್ದೆಯ ಪಟ್ಟಿಯಲ್ಲಿದೆ. ಟ್ಯಾಪೆಂಟಡಾಲ್ ಈ ಪ್ರಕರಣದ ಕಾಲಕ್ಕೆ ಇರಲಿಲ್ಲ. ಹೆಸರು ಒಂದೇ ತರ ಕೇಳುವುದರಿಂದ ಠಾಣೆ ಎರಡನ್ನೂ ಒಂದೇ ಕಲಮಿಗೆ ತಳ್ಳುತ್ತಿತ್ತು. ಅಂಥ ಕೇಸ್ ಎಫ್‌ಎಸ್‌ಎಲ್ ವರದಿ ಬಂದ ದಿನ ಬೀಳುತ್ತದೆ, ಅಷ್ಟರಲ್ಲಿ ಹುಡುಗನ ಕೆಲಸ ಹೋಗಿರುತ್ತದೆ. ಚೀಟಿಯಿಲ್ಲದೆ ಮಾರಿದ ಅಂಗಡಿಯ ಮೇಲೆ ಹೋಗಬೇಕಾದ ದಾರಿ ಔಷಧ ನಿಯಂತ್ರಣ ಇಲಾಖೆ ಮತ್ತು 1940ರ ಔಷಧ ಕಾಯ್ದೆ.

ಬುಪ್ರೆನಾರ್ಫಿನ್ ಇನ್ನೂ ಸೂಕ್ಷ್ಮ. ಕೋವಿಡ್ ಕಾಲದಲ್ಲಿ, 2020ರಲ್ಲಿ, ದಿನವೂ ಕೇಂದ್ರಕ್ಕೆ ಬರುವ ಬದಲು ಕೆಲವು ದಿನದ ಮಾತ್ರೆ ಮನೆಗೆ ಕೊಡುವ ಅವಕಾಶ ಬಂತು. 14 ದಿನಕ್ಕೆ ದಿನವೊಂದಕ್ಕೆ 2 ಮಿಲಿಗ್ರಾಂನ ಒಂದು ಮಾತ್ರೆಯೆಂದರೂ ಒಳಗಿನ ಔಷಧ ಬರೀ 28 ಮಿಲಿಗ್ರಾಂ. ಕಾಯ್ದೆಯ ಲೆಕ್ಕದಲ್ಲಿ ಶಿಕ್ಷೆ ಕಡಿಮೆಯಿರುವ ಅಲ್ಪ ಪ್ರಮಾಣದ ಮಿತಿ 1 ಗ್ರಾಂ. ಆದರೆ 2009ರ ಅಧಿಸೂಚನೆ ಮತ್ತು ಅದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2020ರ ಹೀರಾ ಸಿಂಗ್ ತೀರ್ಪಿನಂತೆ ತೂಗುವುದು ಶುದ್ಧ ಔಷಧವನ್ನಲ್ಲ, ಇಡೀ ಮಾತ್ರೆಯನ್ನು. ಮಾತ್ರೆ ಒಂದಕ್ಕೆ 100 ಮಿಲಿಗ್ರಾಂ ತೂಗಿದರೆ 14 ಮಾತ್ರೆ 1.4 ಗ್ರಾಂ, ಮಿತಿ ದಾಟಿತು! ಇಲ್ಲಿ ಕಾಪಾಡುವುದು ಎನ್‌ಡಿಪಿಎಸ್ ನಿಯಮಗಳ 66ನೇ ನಿಯಮ. ಸ್ವಂತ ಚಿಕಿತ್ಸೆಗಾಗಿ ಒಮ್ಮೆಗೆ ನೂರು ಡೋಸ್‌ವರೆಗೆ ಇಟ್ಟುಕೊಳ್ಳಬಹುದು. ಅದನ್ನು ತೋರಿಸಲು ಚೀಟಿ ಜೇಬಿನಲ್ಲಿರಬೇಕು. ಹಾಗೆಂದು ‘ಚುಚ್ಚಿಕೊಳ್ಳುವವನು’ ಎಂದು ಬರೆದ ಗುರುತಿನ ಚೀಟಿ ಕೊಟ್ಟರೆ ಅದು ಸಹಿ ಹಾಕಿದ ತಪ್ಪೊಪ್ಪಿಗೆ. ಕೇಂದ್ರದ ಮೊಹರು, ವೈದ್ಯರ ಸಹಿ, ಔಷಧದ ಹೆಸರು, ದಿನಾಂಕ, ಸಂಕೇತ ಸಂಖ್ಯೆ ಸಾಕು.

ಎನ್‌ಡಿಪಿಎಸ್ 64ಎ ಕಲಮಿನ ಬಗ್ಗೆ ಎರಡೂ ಕಡೆ ತಪ್ಪು ತಿಳಿವಳಿಕೆ ಇತ್ತು. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮಾನ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ, ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಠಾಣೆ ಜೀಪಿನಲ್ಲಿ ಕೂರಿಸಿ ವ್ಯಸನಮುಕ್ತಿ ಕೇಂದ್ರಕ್ಕೆ ಬಿಟ್ಟು ಬಂದರೆ ಅದು ‘ತಾನಾಗಿ’ ಆಗುವುದಿಲ್ಲ.

ಅಂಗಡಿ ದಾಳಿಯ ಮರುದಿನ

ಆರನೇ ತಿಂಗಳಿಗೆ ಮಾತ್ರೆ ಮಾರುತ್ತಿದ್ದ ಅಂಗಡಿಯೊಂದರ ಮೇಲೆ ದಾಳಿಯಾಯಿತು. ಸರಿಯಾದದ್ದೇ. ಆದರೆ ಹುಡುಗರ ಕಣ್ಣಿಗೆ ಲೆಕ್ಕ ಸುಲಭ: ಪೀರ್ ಠಾಣೆಗೆ ಹೋಗಿ ಬರುತ್ತಾನೆ, ಅಂಗಡಿ ಮುಚ್ಚಿತು. ಅವನ ಸೈಕಲ್ಲಿನ ಟೈರ್ ಕೊಯ್ದರು. ಮಾತ್ರೆ ಸಿಗದೆ ಮೈ ಮುರಿದುಕೊಂಡು ಬಿದ್ದವರು ಕೆಲವರು, ಬೇರೆ ಊರಿನ ಗುರುತಿಲ್ಲದ ಸರಕಿಗೆ ಹೋದವರು ಕೆಲವರು. ಹತ್ತು ದಿನ ಬಿಟ್ಟು ಹಳೇ ಪ್ರಮಾಣಕ್ಕೇ ಮರಳಿದ ಲೋಡಿಂಗ್ ಹುಡುಗ ಉಸಿರು ನಿಧಾನವಾಗಿ ನೀಲಿಗಟ್ಟಿದ. ಬಿಟ್ಟ ದಿನಗಳಲ್ಲಿ ಮೈ ಹಳೇ ಪ್ರಮಾಣ ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಜೈಲಿನಿಂದ ಬಿಡುಗಡೆಯಾದ ಮೊದಲ ಎರಡು ವಾರದ ಅಪಾಯವೂ ಇದೇ.

ಜೊತೆಯವರು ಓಡಲಿಲ್ಲ, 108ಕ್ಕೆ ಫೋನ್ ಮಾಡಿದರು. ಅದು ಸಣ್ಣ ವಿಷಯವಲ್ಲ. ಮೊದಲಾದರೆ ಪೊಲೀಸ್ ಬರುತ್ತಾರೆಂದು ಬಿಟ್ಟು ಹೋಗುತ್ತಿದ್ದರು. ಮೊದಲು ಬಂದದ್ದು ಬೀಟ್ ಪೇದೆ. ಆತ ಹೆಸರು ಕೇಳುವ ಬದಲು ಜನರನ್ನು ದೂರ ಸರಿಸಿದ. ಪೀರ್ ಐದು ಸೆಕೆಂಡಿಗೊಂದರಂತೆ ಬಾಯುಸಿರು ಕೊಟ್ಟ, ನರ್ಸ್ ಬಂದು ವೈದ್ಯರ ನಿರ್ದೇಶನದಂತೆ ತೊಡೆಯ ಸ್ನಾಯುವಿಗೆ ಅಮಲು ಇಳಿಸಿ ಉಸಿರು ಮರಳಿಸುವ ನಾಲೊಕ್ಸೋನ್ 0.4 ಮಿಲಿಗ್ರಾಂ ಹಾಕಿದರು, ಮೂರು ನಿಮಿಷಕ್ಕೆ ಇನ್ನೊಂದು. ಎಚ್ಚರವಾದ ಕೂಡಲೇ ಹುಡುಗ ಎದ್ದು ಮನೆಗೆ ಹೊರಟ. ಬಿಡಬಾರದು. ನಾಲೊಕ್ಸೋನ್ ಅರ್ಧದಿಂದ ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ, ಒಳಗಿನ ಔಷಧ ಇನ್ನೂ ಇದ್ದರೆ ಉಸಿರು ಮತ್ತೆ ನಿಲ್ಲುತ್ತದೆ. ಆಸ್ಪತ್ರೆಗೆ ಒಪ್ಪಿಸಲು ಅಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಪೇದೆಯ ಮಾತೇ: ‘ಕೇಸ್ ಇಲ್ಲ, ಹತ್ತು.’

ಇದಾದ ಮೇಲೆ ಟಿಪ್ಪಣಿಗೆ ಒಂದು ಸಾಲು ಸೇರಿತು. ದಾಳಿಯ ವಿಷಯ ತಂಡಕ್ಕೆ ಮುಂಚೆ ಹೇಳಬೇಡಿ, ಮುಗಿದ ಒಂದು ಗಂಟೆಯೊಳಗೆ ಹೇಳಿ. ಮುಂಚೆ ತಿಳಿದಿದ್ದರೆ ಸೋರಿಕೆಯ ಆರೋಪವೂ ತಂಡದ ತಲೆಗೇ, ಸುಳಿವಿನ ಆರೋಪವೂ ತಂಡದ ತಲೆಗೇ. ಮುಗಿದ ಕೂಡಲೇ ತಿಳಿದರೆ ಮುಂದಿನ ಎರಡು ವಾರ ಹೆಚ್ಚು ಹೊತ್ತು ಹೊರಗಿರಬಹುದು, ಒಂಟಿಯಾಗಿ ಚುಚ್ಚಿಕೊಳ್ಳಬೇಡಿ, ಹಳೇ ಪ್ರಮಾಣಕ್ಕೆ ಹೋಗಬೇಡಿ ಎಂದು ಹೇಳಬಹುದು, ಚಿಕಿತ್ಸೆಗೆ ಹೊರಡುವ ಮನಸ್ಸಿದ್ದವರನ್ನು ಬೆಳಗಿನ ಗಾಡಿ ಹತ್ತಿಸಬಹುದು. ಪೀರ್ ಠಾಣೆಗೆ ಹೋಗುವುದೂ ನಿಂತಿತು. ವಾರದ ಮಾತು ಅಂದಿನಿಂದ ನರ್ಸ್ ಮತ್ತು ರೈಟರ್ ನಡುವೆ, ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿ.

ವರ್ಗಾವಣೆ

ಹತ್ತನೇ ತಿಂಗಳಿಗೆ ಇನ್‌ಸ್ಪೆಕ್ಟರ್ ವರ್ಗವಾದರು. ಹೊಸಬರು ಮೂರನೇ ದಿನ ನರ್ಸನ್ನು ಕರೆಸಿ ಕೇಳಿದ್ದು ಮತ್ತೆ ಅದೇ, ಪಟ್ಟಿ. ರೈಟರ್ ಕಡತದಿಂದ ಆ ಒಂದು ಪುಟ, ಹತ್ತು ತಿಂಗಳ ಅಂಕಿ ತೆಗೆದು ಮೇಜಿನ ಮೇಲಿಟ್ಟರು. ಅವರು ಓದಿದರು. ಮಾರುಕಟ್ಟೆ ಹಿಂದಿನ ಜಾಗದ ಹೆಸರಿಗೆ ಗೀಟು ಎಳೆದರು, ಪಕ್ಕದಲ್ಲೇ ಶಾಲೆ ಇದೆ ಎಂದರು. ನರ್ಸ್ ಜಾಗ ಬಿಡಲು ಒಪ್ಪಲಿಲ್ಲ, ಹೊತ್ತು ಬದಲಿಸಲು ಒಪ್ಪಿದರು, ಸಂಜೆ ಆರರ ನಂತರ. ಗೀಟಿನ ಮೇಲೆ ಅದನ್ನು ಬರೆದು ಕೆಳಗೆ ದಿನಾಂಕ ಹಾಕಿ ಸಹಿ ಮಾಡಿದರು. ಠಾಣೆಯ ಸೂಜಿ ಡಬ್ಬಿ ತುಂಬಿದೆ, ಜೀಪಿಗೂ ಒಂದು ಬೇಕು ಎಂದು ರೈಟರ್ ಸೇರಿಸಿದರು.

ಅದೇ ವಾರ ಪೀರ್ ಮತ್ತೆ ಸಿಕ್ಕಿಬಿದ್ದ, ಈ ಸಲ ಅಬಕಾರಿಯವರ ಕೈಗೆ. ಅವರ ಬಳಿ ಪತ್ರವಿರಲಿಲ್ಲ. ಅವನು ತೋರಿಸಿದ ಗುರುತಿನ ಚೀಟಿ ನೋಡಿ ಅವರು ಠಾಣೆಗೆ ಫೋನ್ ಮಾಡಿದರು. ಎರಡು ಗಂಟೆ ಕೂರಿಸಿ ಚೀಲ ಸಮೇತ ಬಿಟ್ಟರು, ಡಬ್ಬಿಯ ಸೂಜಿ ಮಾತ್ರ ಎಣಿಸಿ ಬರೆದುಕೊಂಡರು. ಅಬಕಾರಿ ಉಪ ಆಯುಕ್ತರಿಗೆ ಹೋಗಬೇಕಾದ ಪ್ರತಿ ಮರುದಿನ ಟೈಪ್ ಆಯಿತು.